ಈ ಮುಖ ಮೇಲಕ್ಕೆ

ಸೂರ್ಯನಿಗೆ ಅವಸರವಿಲ್ಲ. ಪ್ಲಾಸ್ಟಿಕ್ ಬಕೆಟ್ಟೊಂದನ್ನು ಹಿತ್ತಲಲ್ಲಿಟ್ಟು ಮರೆತರೆ ಅದರ ಬಣ್ಣ ತಿಂದು, ಕಂಠ ಸೀಳಿ, ಎತ್ತಲು ಹೋದವರ ಕೈಗೆ ಬರೀ ಹಿಡಿ ಬರುವಂತೆ ಮಾಡಲು ಅವನು ನಾಲ್ಕೈದು ವರ್ಷ ತೆಗೆದುಕೊಳ್ಳುತ್ತಾನೆ. ಬಕೆಟ್ ಮಾಡಿ ಮಾರುವವರಿಗೆ ಅಷ್ಟು ಪುರುಸೊತ್ತು ಎಲ್ಲಿಂದ ಬರಬೇಕು? ಅದಕ್ಕೇ ಈ ಪೆಟ್ಟಿಗೆ ಹುಟ್ಟಿದ್ದು. ಆಳೆತ್ತರದ ಸ್ಟೀಲ್ ಪೆಟ್ಟಿಗೆ, ಒಳಗೆ ಎರಡೂ ಬದಿಗೆ ನಾಲ್ಕು ನಾಲ್ಕು ಟ್ಯೂಬ್‌ಲೈಟು, ತಳದಲ್ಲಿ ನೀರಿನ ತಟ್ಟೆ. ಎಂಟು ಗಂಟೆ ನೇರಳಾತೀತ ಬೆಳಕು, ನಾಲ್ಕು ಗಂಟೆ ಬಿಸಿ ಇಬ್ಬನಿ, ಮತ್ತೆ ಎಂಟು ಗಂಟೆ ಬೆಳಕು. ಅದಕ್ಕೆ ಮೋಡವಿಲ್ಲ, ಸಂಜೆಯಿಲ್ಲ, ಭಾನುವಾರವಂತೂ ಇಲ್ಲವೇ ಇಲ್ಲ. ಸೂರ್ಯ ವರ್ಷಗಟ್ಟಲೆ ಕೂತು ಮಾಡುವ ಹಾಳು ಕೆಲಸವನ್ನು ಅದು ವಾರಗಳಲ್ಲಿ ಮಾಡಿ ಮುಗಿಸುತ್ತದೆ.

ಪ್ರಯೋಗಾಲಯದವರು ಅದನ್ನು ಬಿಸಿಲು ಪೆಟ್ಟಿಗೆ ಎನ್ನುತ್ತಿದ್ದರು. ಹದಿನಾಲ್ಕು ವರ್ಷದಿಂದ ಅದನ್ನು ನೋಡಿಕೊಂಡಿದ್ದ ಹೆಂಗಸನ್ನು ಬಿಸಿಲಕ್ಕ ಎಂದು ಕರೆಯುತ್ತಿದ್ದರು. ಕಿಟಕಿಯಿಲ್ಲದ ನೆಲಮಾಳಿಗೆಯಲ್ಲಿ ಕೂತು ಬಿಳಿಚಿಕೊಂಡವಳಿಗೆ ಆ ಹೆಸರಿಟ್ಟವನು ಯಾರೋ ಕುಚೋದ್ಯದವನೇ ಇರಬೇಕು. ಅವಳು ನಕ್ಕು ಸುಮ್ಮನಾಗಿದ್ದಳು. ಕೆಲಸದ ವಿಷಯದಲ್ಲಿ ಮಾತ್ರ ಅವಳೊಂದಿಗೆ ನಗೆಯಾಟ ನಡೆಯುತ್ತಿರಲಿಲ್ಲ. ಪರೀಕ್ಷೆಯ ತುಂಡು ಕೈಗೆ ಬಂದ ಕೂಡಲೇ ಮೊದಲು ಅದರ ಬೆನ್ನಿಗೆ ಮಾರ್ಕರಿನಲ್ಲಿ ನಂಬರು ಬರೆಯುವುದು, ಆಮೇಲೆ ಮೇಲೆ ಅಂಟಿಸಿರುವ ತೆಳು ಪ್ಲಾಸ್ಟಿಕ್ ಸಿಪ್ಪೆ ಕೀಳುವುದು, ಆಮೇಲೆ ಮುಖವನ್ನು ದೀಪದ ಕಡೆಗೆ ಮಾಡಿ ಸಿಕ್ಕಿಸುವುದು. ಈ ಮೊದಲನೆಯ ಹೆಜ್ಜೆ ಅವಳ ಕೈಗೆ ಎಷ್ಟು ಹತ್ತಿಹೋಗಿತ್ತೆಂದರೆ ಅದೂ ಒಂದು ಕೆಲಸವೆಂದು ಅವಳಿಗೆ ಅನ್ನಿಸುತ್ತಲೇ ಇರಲಿಲ್ಲ. ಬಾಗಿಲಿನಿಂದ ಒಳಗೆ ಬರುವಾಗ ತಾನು ಹೊಸ್ತಿಲು ದಾಟುತ್ತಿದ್ದೇನೆ ಎಂದು ಯಾರು ತಾನೇ ನೆನೆಸಿಕೊಳ್ಳುತ್ತಾರೆ?

ಅವಳಿಗೆ ಒಬ್ಬ ಅಣ್ಣ. ಛಾವಣಿ ಹಾಕುವ ಮೇಸ್ತ್ರಿ. ಅಪ್ಪ ಹೋದಾಗ ಅವನಿಗೆ ಹದಿನಾರು, ಅವಳಿಗೆ ಎಂಟು. ಅವನು ಪುಸ್ತಕ ಮುಚ್ಚಿ ಏಣಿ ಹತ್ತಿದ. ಮಿಕ್ಕ ಟಾರ್ಪಾಲಿನ ಚೂರುಗಳನ್ನು ಸೇರಿಸಿ ತಾನೇ ದಬ್ಬಳದಿಂದ ಹೊಲಿದು ಅವಳಿಗೆ ಶಾಲೆಯ ಚೀಲ ಮಾಡಿಕೊಟ್ಟಿದ್ದ. ಅದು ಎಷ್ಟು ಗಟ್ಟಿಯಿತ್ತೆಂದರೆ ಕಾಲೇಜು ಮುಗಿದರೂ ಹರಿಯಲಿಲ್ಲ. ತಾನು ಇವತ್ತು ಏನಾಗಿದ್ದೇನೋ ಅದು ಅಣ್ಣನ ಬೆನ್ನ ಮೇಲೆ ಕೂತು ಆದದ್ದು ಎಂದು ಅವಳಿಗೆ ಗೊತ್ತಿತ್ತು, ಅದನ್ನು ಯಾರ ಮುಂದೆ ಬೇಕಾದರೂ ಹೇಳುತ್ತಿದ್ದಳು.

ಅಣ್ಣನಿಗೂ ಒಂದು ಪದ್ಧತಿಯಿತ್ತು. ಛಾವಣಿಯ ಕೊನೆಯ ಸ್ಕ್ರೂ ಬಿಗಿದ ಮೇಲೆ ಅವನು ತಾನು ನಿಂತಿದ್ದ ಹಲಗೆ ಬಿಟ್ಟು ಶೀಟಿನ ನಡುಮಧ್ಯಕ್ಕೆ ನಡೆದುಹೋಗುತ್ತಿದ್ದ. ಕೆಳಗಿರುವವರನ್ನೆಲ್ಲ ಕೂಗಿ ಕರೆದು, ಎಲ್ಲರೂ ಕತ್ತೆತ್ತಿ ನೋಡುತ್ತಿರುವಾಗ ಎರಡೂ ಕಾಲು ಜೋಡಿಸಿ ಒಂದು ಸಲ ಎಗರಿ ಧಪ್ಪೆಂದು ತುಳಿಯುತ್ತಿದ್ದ. 'ಮೇಸ್ತ್ರಿ ಮುದ್ರೆ ಒತ್ತಿದ' ಎಂದು ಆಳುಗಳು ಕೇಕೆ ಹಾಕುತ್ತಿದ್ದರು. ಅವನ ಮುದ್ರೆ ಬಿದ್ದ ಛಾವಣಿ ಸೋರಿದ್ದೂ ಇಲ್ಲ, ಕುಸಿದದ್ದೂ ಇಲ್ಲ. ಐವತ್ತು ದಾಟಿದರೂ ಆ ಎಗರಾಟ ಬಿಟ್ಟಿರಲಿಲ್ಲ. 'ಎಲ್ಲೋ ಒಂದಿನ ಸೊಂಟ ಮುರ್ಕೋತೀರ' ಎಂದು ಅತ್ತಿಗೆ ಬೈಯುತ್ತಿದ್ದಳು.

ಆ ಬುಧವಾರ ಬೆಳಗ್ಗೆ ಪ್ರಯೋಗಾಲಯದ ಮುಖ್ಯಸ್ಥರು ತಾವೇ ಮೆಟ್ಟಿಲಿಳಿದು ಬಂದರು. ಕೈಯಲ್ಲಿ ಮೊಹರು ಹಾಕಿದ ದೊಡ್ಡ ಕವರು.

"ತರಕಾರಿ ಮಾರುಕಟ್ಟೆ ಛಾವಣಿದು, ಹಾಕಿ ಐದೇ ವರ್ಷ. ಗಟಾರದ ಎಲೆ ತೆಗೆಯೋಕೆ ಮೇಲೆ ಹತ್ತಿದ್ದನಂತೆ ಒಬ್ಬ. ಶೀಟು ಮುರಿದು ಕೆಳಗೆ ಬಿದ್ದಿದಾನೆ. ಜೀವ ಉಳೀಲಿಲ್ಲ. ಶೀಟು ಮಾಡಿದವರು ನಮ್ಮದು ಸರಿ ಇದೆ ಅಂತಾರೆ, ಮಾರುಕಟ್ಟೆಯವರು ಸರಕೇ ಕಳಪೆ ಅಂತಾರೆ. ನಾವು ಹೇಳಿದ್ದೇ ಕೊನೆ ಮಾತು," ಎಂದರು.

ಅವಳು ಕವರು ಒಡೆದಳು. ಒಂದು ಕಾಲಕ್ಕೆ ಗಾಜಿನಂತೆ ತಿಳಿಯಾಗಿದ್ದ ಪ್ಲಾಸ್ಟಿಕ್ ಶೀಟಿನ ಏಳು ತುಂಡುಗಳು. ಒಂದು ಮುಖ ಹಳದಿಗಟ್ಟಿ, ಬತ್ತಿದ ಕೆರೆಯ ತಳದಂತೆ ಮೈಯೆಲ್ಲ ಬಿರುಕು ಬಿಟ್ಟಿತ್ತು. ಇನ್ನೊಂದು ಮುಖ ನುಣುಪಾಗೇ ಇತ್ತು. ಸ್ಕ್ರೂ ಕೆಳಗಿನ ರಬ್ಬರ್ ಬಳೆಯ ಗುರುತು ಬಿರುಕು ಮುಖದ ಮೇಲಿತ್ತು, ಅಂದರೆ ಆಕಾಶ ನೋಡುತ್ತಿದ್ದದ್ದು ಅದೇ. ಐದೇ ವರ್ಷದ ಛಾವಣಿಗೆ ಇದು ತೀರಾ ಅತಿಯಾಯಿತು ಎಂದುಕೊಂಡು ಅವಳು ಕೋಣೆಯ ದೀಪ ಆರಿಸಿ ನೀಲಿ ಕೈದೀಪ ಹಿಡಿದಳು.

ಈ ಜಾತಿಯ ಶೀಟಿಗೆ ಬಿಸಿಲು ತಡೆಯುವ ಪದರ ಒಂದೇ ಮುಖಕ್ಕೆ ಇರುತ್ತದೆ. ಬರಿಗಣ್ಣಿಗೆ ಎರಡು ಮುಖವೂ ಒಂದೇ. ಅದಕ್ಕೇ ಕಾರ್ಖಾನೆಯವರು ಆ ಮುಖಕ್ಕೆ ಅಂಟಿಸುವ ಸಿಪ್ಪೆಯ ಮೇಲೆ ದಪ್ಪಕ್ಷರದಲ್ಲಿ 'ಈ ಮುಖ ಮೇಲಕ್ಕೆ' ಎಂದು ಮುದ್ರಿಸುತ್ತಾರೆ. ಸಿಪ್ಪೆ ಹೋದ ಮೇಲೆ ಪತ್ತೆ ಹಚ್ಚಲು ಇರುವುದು ಈ ನೀಲಿ ದೀಪ ಮಾತ್ರ. ಅದರ ಬೆಳಕಿಗೆ ಪದರವಿರುವ ಮುಖ ಹಾಲಿನಂತೆ ಹೊಳೆಯುತ್ತದೆ.

ಬಿರುಕು ಬಿಟ್ಟ ಮುಖ ಹೊಳೆಯಲಿಲ್ಲ. ತಿರುಗಿಸಿದಳು. ನುಣುಪು ಮುಖ ಹೊಳೆಯಿತು. ಏಳು ತುಂಡೂ ಹಾಗೆಯೇ. ಛಾವಣಿಯನ್ನು ಮಗುಚಿ ಹಾಕಿದ್ದರು. ಬಿಸಿಲು ತಡೆಯಬೇಕಾದ ಮುಖ ಐದು ವರ್ಷ ಕೆಳಗಿನ ತರಕಾರಿ ನೋಡುತ್ತ ಕೂತಿತ್ತು.

ಇಷ್ಟು ತಿಳಿಯಲು ಹಿಡಿದದ್ದು ಐದು ನಿಮಿಷ. ಆಮೇಲೆ ಅವಳು ಕವರಿನ ಮೇಲಿದ್ದ ವಿಳಾಸ ಓದಿದಳು. ಆ ತರಕಾರಿ ಮಾರುಕಟ್ಟೆ ಅವಳಿಗೆ ಗೊತ್ತಿತ್ತು. ಐದು ವರ್ಷದ ಹಿಂದೆ ಅದರ ಕೆಳಗೆ ನಿಂತು, ಕತ್ತು ನೋಯುವಂತೆ ಮೇಲೆ ನೋಡಿ, ಅಣ್ಣ ಮುದ್ರೆ ಒತ್ತಿದಾಗ ಚಪ್ಪಾಳೆ ತಟ್ಟಿದ್ದಳು.

ಅದರ ಹಿಂದೆಯೇ ಇನ್ನೊಂದು ನೆನಪು ಬಂತು. ಅದು ಬಾರದಿದ್ದರೆ ಚೆನ್ನಾಗಿತ್ತು. ಅದೇ ಬೇಸಿಗೆಯಲ್ಲಿ ಅಣ್ಣ ಅವಳ ಅಡುಗೆಮನೆಯಲ್ಲಿ ಕೂತು ಸುಲಿದ ಉಗುರುಗಳಿಗೆ ಎಣ್ಣೆ ಹಚ್ಚಿಕೊಳ್ಳುತ್ತ, 'ಆ ಸಿಪ್ಪೆ ಬಿಸಿಲಿಗೆ ಕಚ್ಚಿಕೊಂಡು ಬರೋದೇ ಇಲ್ಲ ಕಣೇ, ಪ್ರಾಣ ತಿನ್ನುತ್ತೆ' ಎಂದಿದ್ದ. ತಟ್ಟೆ ಒರೆಸುತ್ತಿದ್ದ ಅವಳು ಹಿಂತಿರುಗಿಯೂ ನೋಡದೆ, 'ಮೇಲೆ ಹೋಗಿ ಯಾಕೆ ಕೀಳ್ತೀಯ? ಕೆಳಗೇ ನೆರಳಲ್ಲಿ ಎರಡೂ ಕಡೆ ಕಿತ್ತುಬಿಡು. ನಾವು ಲ್ಯಾಬಲ್ಲಿ ಹಾಗೇ ಮಾಡೋದು' ಎಂದಿದ್ದಳು. ಮೊದಲು ಬೆನ್ನಿಗೆ ಗುರುತು ಹಾಕಿಕೊಳ್ಳಬೇಕು ಎಂಬುದು ಅವಳ ಬಾಯಿಗೆ ಬರಲಿಲ್ಲ. ಹೇಳಬೇಕಾದ ಮಾತು ಅಂತ ಅದು ಅವಳಿಗೆ ಹೊಳೆದಿರಲೇ ಇಲ್ಲ.

ಮುಖ್ಯಸ್ಥರು ಮಧ್ಯಾಹ್ನ ಮತ್ತೆ ಬಂದರು. "ಏನಾದರೂ ಗೊತ್ತಾಯ್ತಾ?"

"ಹೋಲಿಸಿ ನೋಡಬೇಕು ಸಾರ್," ಎಂದಳು. ನಾಲಿಗೆ ತಾನಾಗಿಯೇ ಹೊರಳಿತು. "ಅದೇ ಜಾತಿಯ ಹೊಸ ಶೀಟಿಂದ ಎರಡು ತುಂಡು ಪೆಟ್ಟಿಗೆಗೆ ಹಾಕ್ತೀನಿ. ಒಂದು ಸರಿ ಮುಖ, ಒಂದು ಮಗುಚಿ. ಸಾವಿರ ಗಂಟೆ."

"ಸಾವಿರ ಗಂಟೆ ಅಂದ್ರೆ ಆರು ವಾರ."

"ಒಬ್ಬರ ಜೀವ ಹೋಗಿದೆ. ಅವಸರ ಮಾಡಿ ತಪ್ಪು ಬರೆದರೆ?"

ಅವರು ತಲೆಯಾಡಿಸಿ ಮೆಟ್ಟಿಲು ಹತ್ತಿದರು. ಹದಿನಾಲ್ಕು ವರ್ಷ ಸುಳ್ಳು ಹೇಳದವರ ಮೊದಲ ಸುಳ್ಳು ಎಲ್ಲಿ ಬೇಕಾದರೂ ಚಲಾವಣೆಯಾಗುತ್ತದೆ. ಸೂರ್ಯನಿಗಿಂತ ಮೊದಲೇ ನಿಜ ಹೇಳಲೆಂದು ಮಾಡಿದ ಪೆಟ್ಟಿಗೆಯ ಹಿಂದೆ ಅವಳು ಆರು ವಾರ ಬಚ್ಚಿಟ್ಟುಕೊಂಡಳು.

ಸಂಜೆ ಹೊರಡುವಾಗ ವರಾಂಡದ ಬೆಂಚಿನ ಮೇಲೆ ಒಬ್ಬ ಹೆಂಗಸು ಕೂತಿದ್ದಳು. ತೊಡೆಯ ಮೇಲೆ ಗಂಡಸರ ಒಂದು ಜೊತೆ ಚಪ್ಪಲಿ, ಪೇಪರಿನಲ್ಲಿ ಅರ್ಧ ಸುತ್ತಿದ್ದು. ಆಸ್ಪತ್ರೆಯವರು ಕೊಟ್ಟಿದ್ದನ್ನು ಎಲ್ಲಿಡಬೇಕೆಂದು ತಿಳಿಯದೆ ಹಿಡಿದುಕೊಂಡೇ ಬಂದಿದ್ದಳೇನೋ.

"ನೀವೇನಾ ಅಮ್ಮ ಪರೀಕ್ಷೆ ಮಾಡೋರು? ಅದು ಹೇಗೆ ಒಡೀತು ಅಂತ ಯಾವತ್ತು ಗೊತ್ತಾಗುತ್ತೆ? ನಮ್ಮನೆಯವರು ಸುಮ್ಮಸುಮ್ಮನೆ ಓಡಾಡೋರಲ್ಲ. ಕಾಲು ನೋಡಿ ಇಡೋರು. ಅವರದೇ ತಪ್ಪು ಅಂತಿದಾರೆ ಎಲ್ಲಾರೂ."

"ಆರು ವಾರ ಆಗುತ್ತೆ," ಎಂದಳು ಬಿಸಿಲಕ್ಕ, ಚಪ್ಪಲಿ ನೋಡುತ್ತ.

"ಬುಧವಾರಕ್ಕೆ ಬುಧವಾರ ಎಣಿಸ್ಕೊಂಡು ಬರ್ತೀನಿ," ಎಂದು ಆ ಹೆಂಗಸು ಎದ್ದಳು.

ಅಲ್ಲಿಂದ ಬಿಸಿಲಕ್ಕ ನೇರ ಅಣ್ಣನ ಶೆಡ್ಡಿಗೆ ಹೋದಳು. ಅವನು ಡ್ರಿಲ್ಲಿನ ತಂತಿ ಸುತ್ತುತ್ತಿದ್ದ. ಸಾವಿನ ಸುದ್ದಿ ಅವನಿಗೂ ಮುಟ್ಟಿತ್ತು. ಎರಡು ದಿನದಿಂದ ಗಡ್ಡ ಕೆರೆದಿರಲಿಲ್ಲ. ಅವಳು ಹೇಳುತ್ತ ಹೋದಂತೆ ಅವನು ಸುತ್ತಿದ ತಂತಿಯನ್ನೇ ಬಿಚ್ಚಿ ಮತ್ತೆ ಸುತ್ತಿದ.

"ಎರಡೂ ಕಡೆ ಕಿತ್ತು ಗೋಡೆಗೆ ಒರಗಿಸ್ತಿದ್ದೆ," ಎಂದ ಕೊನೆಗೆ. "ಕೈಗೆ ಹೆಂಗೆ ಬಂತೋ ಹಂಗೆ ಮೇಲಕ್ಕೆ ಕಳಿಸ್ತಿದ್ದರು. ಎರಡು ಮುಖನೂ ಕನ್ನಡಿ ಹಂಗಿತ್ತು ಕಣೇ. ನೋಡಬೇಕು ಅಂತಲೇ ಹೊಳೀಲಿಲ್ಲ."

'ನೀನೇ ಹೇಳಿದ್ದೆ' ಎಂದು ಅವನು ಅನ್ನಲಿಲ್ಲ. ಅಂದಿದ್ದರೆ ಅವಳಿಗೆ ಹಗುರಾಗುತ್ತಿತ್ತು.

"ಇನ್ನೆಲ್ಲಿ ಹಾಕಿದ್ದೆ ಆ ಶೀಟು?"

"ಶಾಲೆ ಅಂಗಳಕ್ಕೆ. ಮಕ್ಕಳು ಊಟಕ್ಕೆ ಕೂರೋ ಕಡೆ. ಆ ವರ್ಷ ಅವೆರಡೇ. ಆಮೇಲಿಂದ ತಗಡೇ ಹಾಕ್ತಿರೋದು."

"ಅಣ್ಣಾ, ನಾನು ಆರು ವಾರ ತಗೊಂಡಿದೀನಿ. ಅಷ್ಟರೊಳಗೆ ನೀನೇ ಹೋಗಿ ಶಾಲೆಯವರಿಗೆ ಹೇಳು. ಶೀಟು ಮಗುಚಿ ಹಾಕಿದೀನಿ, ತೆಗೀಬೇಕು ಅನ್ನು. ನಾವಾಗಿ ಹೇಳಿದ್ರೆ ಅದರ ದಾರಿ ಬೇರೆ. ಅವರಾಗಿ ಹಿಡಿದ್ರೆ ನಿನ್ನ ಜೈಲಿಗೆ ಹಾಕ್ತಾರೆ."

ಅವನು ತಂತಿಯ ಸುರುಳಿಯನ್ನು ಮೊಳೆಗೆ ನೇತುಹಾಕಿ ಕೇಳಿದ. "ಸರಿ ಮುಖ ಮೇಲಿದ್ದಿದ್ರೆ ಏನೂ ಆಗ್ತಿರಲಿಲ್ಲ, ಅಲ್ವಾ?"

"ಹತ್ತು ವರ್ಷ ಅಲ್ಲಾಡ್ತಿರಲಿಲ್ಲ."

"ಹೂಂ," ಎಂದ ಅವನು. ಅವನ ಮುಖದಲ್ಲಿ ಕಂಡ ಸಮಾಧಾನವನ್ನು ಅವಳು ಪಶ್ಚಾತ್ತಾಪವೆಂದು ತಿಳಿದು, ಕಣ್ಣೊರೆಸಿಕೊಂಡು ಮನೆಗೆ ಹೋದಳು.

ದಿನಗಳು ಉರುಳಿದವು. ಪೆಟ್ಟಿಗೆ ತನ್ನ ಪಾಡಿಗೆ ಬೆಳಗುತ್ತ, ಬೆವರುತ್ತ ಗಂಟೆ ಎಣಿಸಿತು. ಎರಡು ಸಲ ಅವಳು ಫೋನಿನಲ್ಲಿ ಕೇಳಿದಳು. 'ವ್ಯವಸ್ಥೆ ಮಾಡ್ತಾ ಇದೀನಿ, ನೀನು ತಲೆ ಕೆಡಿಸ್ಕೋಬೇಡ ಮರಿ' ಎಂದ ಎರಡು ಸಲವೂ. ಅವಳಿಗೆ ಅಷ್ಟೇ ಸಾಕಿತ್ತು. ಅಣ್ಣ ಹೊರಗಿರಬೇಕು, ಅಣ್ಣನ ಮೇಲೆ ಯಾರೂ ಕೈ ಹಾಕಬಾರದು; ಅದರಾಚೆಗೆ ಅವಳ ಬುದ್ಧಿ ಓಡುತ್ತಲೇ ಇರಲಿಲ್ಲ.

ಆರುನೂರು ಗಂಟೆ ತುಂಬಿದ್ದು ಭಾನುವಾರ. ನಡುವಿಗಿಂತ ಅಂಚಿಗೆ ಬೆಳಕು ಕಡಿಮೆ ಬೀಳುವುದರಿಂದ ಲೆಕ್ಕದ ಗಂಟೆಗೆ ಸರಿಯಾಗಿ ತುಂಡುಗಳ ಜಾಗ ಅದಲುಬದಲು ಮಾಡಬೇಕು. ಅದಕ್ಕೆಂದು ಅವಳು ಖಾಲಿ ಕಟ್ಟಡದ ಬೀಗ ತೆಗೆದು ಒಳಗೆ ಹೋದಳು. ಮಗುಚಿ ಹಾಕಿದ್ದ ತುಂಡು ಆಗಲೇ ಹಳದಿಯಾಗಿತ್ತು, ಬೆರಳಾಡಿಸಿದರೆ ಸಣ್ಣ ಬಿರುಕು ತಾಗುತ್ತಿತ್ತು. ಎರಡು ಕಬ್ಬಿಣದ ಪಟ್ಟಿಗಳ ಮೇಲೆ, ತೊಲೆಗಳ ಮೇಲೆ ಶೀಟು ಕೂತಂತೆ, ಅದನ್ನು ಹಳದಿ ಮುಖ ಮೇಲಾಗಿ ಇಟ್ಟು ನಡುವೆ ಅಂಗೈಯಿಂದ ಒತ್ತಿದಳು. ಕಿರ್ ಎಂದಿತು, ಬಗ್ಗಿತು, ತಡೆಯಿತು. ಎರಡೂ ಕಡೆ ನೋಡುವುದು ಅವಳ ರೂಢಿ. ತಿರುವಿ ಹಾಕಿ, ನುಣುಪು ಮುಖ ಮೇಲಾಗಿ, ಹೆಬ್ಬೆರಳು ಊರಿದಳು.

ಮೊಟ್ಟೆಯ ಚಿಪ್ಪಿನಂತೆ ಒಡೆಯಿತು. ಒಂದು ಚೂರು ಹಾರಿ ಅವಳ ಕನ್ನಡಕಕ್ಕೆ ಬಡಿಯಿತು.

ಅವಳಿಗೆ ತಕ್ಷಣ ಅರ್ಥವಾಯಿತು; ಅರ್ಥವಾಗದಿರಲು ಅದೇನು ಬ್ರಹ್ಮವಿದ್ಯೆಯಲ್ಲ. ಮೇಲಿನಿಂದ ಭಾರ ಬಿದ್ದರೆ ಮೇಲ್ಮುಖ ಮುದುಡುತ್ತದೆ, ಕೆಳಮುಖ ಹಿಗ್ಗುತ್ತದೆ. ಬಿರುಕು ಮೇಲಿದ್ದರೆ ಮುದುಡಿಕೊಂಡು ಸ್ವಲ್ಪವಾದರೂ ತಾಳುತ್ತದೆ. ಕೆಳಗಿದ್ದರೆ ಬಾಯಿ ತೆರೆಯುತ್ತದೆ. ಒಮ್ಮೆ ಬೆಂದ ಶೀಟಿಗೆ ಸರಿ ಮುಖ ಎಂಬುದೇ ಇಲ್ಲ. ಸರಿಮಾಡಲು ಹೋದರೆ ಅದು ಇನ್ನೂ ಕೆಡುತ್ತದೆ. ತಿರುಗಿಸಿ ಹಾಕುವ ಮಾತೇ ಎತ್ತಬೇಡ, ತೆಗೆದು ಎಸೆಯಬೇಕು ಎಂದು ಅಣ್ಣನಿಗೆ ಹೇಳಬೇಕಿತ್ತಲ್ಲ ಎಂದು ಫೋನು ಮಾಡಿದಳು.

ಎತ್ತಿದವಳು ಅತ್ತಿಗೆ. "ಫೋನು ಇಲ್ಲೇ ಬಿಟ್ಟು ಹೋಗಿದಾರೆ ಕಣೇ. ಬೆಳಗ್ಗೆನೇ ಇಬ್ಬರು ಆಳು ಕರ್ಕೊಂಡು ಶಾಲೆಗೆ ಹೋದರು. ಇವತ್ತು ರಜಾ ಅಲ್ವಾ, ಶೀಟೆಲ್ಲ ತಿರುಗಿಸಿ ಹಾಕಿಬಿಡ್ತೀನಿ, ಆಮೇಲೆ ಯಾರು ಬಂದು ಯಾವ ದೀಪ ಹಿಡಿದ್ರೂ ಸರಿ ಮುಖವೇ ಮೇಲಿರುತ್ತೆ ಅಂದರು. ಯಾರಿಗೂ ಹೇಳಬೇಡ ಅಂದಿದಾರೆ. ನಿನಗೆ ಹೇಳಿದ್ರೇನು ಬಿಡು. ಈ ತಿಂಗಳಲ್ಲಿ ಇವತ್ತೇ ನೋಡು ಹೊಟ್ಟೆ ತುಂಬ ತಿಂದು ಹೋಗಿದ್ದು."

ಬಿಸಿಲಕ್ಕ ಪೆಟ್ಟಿಗೆಯ ಬಾಗಿಲನ್ನೂ ಮುಚ್ಚದೆ ಓಡಿದಳು. ಬಸ್ಸು ಸಿಕ್ಕಿತು, ಸಿಗ್ನಲ್ಲಿಗೆ ನಿಂತಿತು, ಮತ್ತೆ ನಿಂತಿತು. ಅವಳು ಎರಡು ನಿಲ್ದಾಣ ಮೊದಲೇ ಇಳಿದು ಓಡತೊಡಗಿದಳು. ಶಾಲೆಯ ಗೇಟು ತೆರೆದೇ ಇತ್ತು. ಅಂಗಳದಲ್ಲಿ ಊಟದ ಬೆಂಚುಗಳನ್ನು ಗೋಡೆಗೆ ಸರಿಸಿದ್ದರು. ಆಳುಗಳಿಬ್ಬರೂ ಉಪಕರಣ ಚೀಲಕ್ಕೆ ತುಂಬುತ್ತಿದ್ದರು. ಎರಡು ಅಂತಸ್ತಿನ ಎತ್ತರದಲ್ಲಿ, ಹಳದಿ ಬೆಳಕಿನ ಆಚೆ, ಹಲಗೆಯ ಮೇಲೆ ಮಂಡಿಯೂರಿ ಅಣ್ಣ ಕೊನೆಯ ಸ್ಕ್ರೂ ಬಿಗಿಯುತ್ತಿದ್ದ. ಇನ್ನೂ ಹಲಗೆಯ ಮೇಲಿದ್ದಾನೆ ಎಂದು ಅವಳ ಜೀವ ಮರಳಿ ಬಂತು. ತೊಲೆ ಹಿಡಿದು ಹಾಗೇ ಏಣಿಗೆ ಬಂದರೆ ಸಾಕು.

"ಅಣ್ಣಾ! ಇಳಿ ಕೆಳಗೆ! ಶೀಟು ತುಳೀಬೇಡ!"

ಅವನು ಅಂಚಿನಿಂದ ಬಗ್ಗಿ ನೋಡಿದ. ಇಪ್ಪತ್ತೈದು ದಿನದಲ್ಲಿ ಮೊದಲ ಸಲ ನಕ್ಕ. "ಬಂದ್ಯಾ? ಹೆದರ್ಕೋಬೇಡ ಕಣೇ. ಎಲ್ಲ ತಿರುಗಿಸಾಯ್ತು. ಈಗ ಸರಿ ಮುಖ ಮೇಲಿದೆ!"

"ಬೇಡ ಅಣ್ಣಾ, ಅದು ಬೆಂದು ಹೋಗಿದೆ! ತಡೆಯಲ್ಲ! ನನ್ನ ಮಾತು ಕೇಳು!"

"ನೀನೇ ಅಂದ್ಯಲ್ಲ, ಹತ್ತು ವರ್ಷ ಅಲ್ಲಾಡಲ್ಲ ಅಂತ! ನೋಡು ಇಲ್ಲಿ!"

ಅವಳು ಎರಡೂ ಕೈ ಎತ್ತಿ ಬೇಡ ಬೇಡ ಎನ್ನುತ್ತಿದ್ದಳು. ಎಳೆಯ ವಯಸ್ಸಿನಿಂದ ಪ್ರತಿ ಛಾವಣಿಯ ಕೆಳಗೂ ಅವಳು ಹೀಗೇ ಹೆದರಿ ಕಿರುಚಿದ್ದಳು, ಪ್ರತಿ ಸಲವೂ ಅವನು ನಗುತ್ತ ತುಳಿದು ತೋರಿಸಿದ್ದ. ಅವನು ನಡುವಿಗೆ ಬಂದು, ಎರಡೂ ಕಾಲು ಜೋಡಿಸಿ, ಎಗರಿದ.

ಶಬ್ದ ದೊಡ್ಡದಾಗಿರಲಿಲ್ಲ. ಅವಳು ಸ್ವಲ್ಪ ಹೊತ್ತಿನ ಮುಂಚೆ ಹೆಬ್ಬೆರಳ ಕೆಳಗೆ ಕೇಳಿದ್ದೇ, ಸ್ವಲ್ಪ ಜೋರಾಗಿ. ಆಮೇಲೆ ಅಂಗಳದ ಕಾಂಕ್ರೀಟಿನ ಮೇಲೆ ಅವನೂ ಅವನ ಸುತ್ತ ಹಳದಿ ಚೂರುಗಳೂ ಬಿದ್ದಿದ್ದವು. ಅವಳು ಅವನ ತಲೆಯನ್ನು ತೊಡೆಗೆ ಎಳೆದುಕೊಂಡಳು. ಆಂಬುಲೆನ್ಸ್ ಬಂದದ್ದು ಯಾವಾಗ, ತನ್ನನ್ನು ಬಿಡಿಸಿದವರು ಯಾರು, ಒಂದೂ ಅವಳಿಗೆ ನೆನಪಿಲ್ಲ. ಆಸ್ಪತ್ರೆ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು.

ಶಾಲೆಯ ಛಾವಣಿಯ ಚೂರುಗಳೂ ಅದೇ ಪ್ರಯೋಗಾಲಯಕ್ಕೆ ಬಂದವು. ಮುಖ್ಯಸ್ಥರು ಅವನ್ನು ಅವಳ ಕಣ್ಣಿಗೆ ಬೀಳದಂತೆ ಬೇರೆಯವರಿಗೆ ಕೊಟ್ಟು, ರಜೆ ಹಾಕಿ ಹೋಗಿ ಎಂದರು. ಎರಡು ವಾರ ಹಾಕಿದಳು. ಸಾವಿರ ಗಂಟೆ ತುಂಬಬೇಕಿದ್ದ ಬುಧವಾರ ಹಿಂದಿರುಗಿ, ಒಂದೂವರೆ ಪುಟ ಬರೆದು ಅವರ ಮೇಜಿನ ಮೇಲಿಟ್ಟಳು. ಅವರು ಓದಿ ಕನ್ನಡಕ ತೆಗೆದರು.

"ಛಾವಣಿ ಮಗುಚಿತ್ತು ಅಂತ ಬರೆದಿದೀರಿ, ಸರಿ. ಸಿಪ್ಪೆ ಕೆಳಗೇ ಕೀಳು ಅಂತ ನೀವು ಮನೇಲಿ ಹೇಳಿದ್ದು, ಮೊದಲ ದಿನವೇ ಗೊತ್ತಿದ್ದೂ ಮುಚ್ಚಿಟ್ಟಿದ್ದು, ಇದೆಲ್ಲ ಯಾಕೆ? ಯಾರೂ ಕೇಳಿಲ್ಲವಲ್ಲ. ನಾನಿದನ್ನ ಓದಿಲ್ಲ ಅಂದ್ಕೊಳ್ಳಿ. ಬೇರೆ ಬರೆದು ಕೊಡಿ."

ಒಳ್ಳೆಯವರು. ಅವರ ಜಾಗದಲ್ಲಿದ್ದರೆ ಯಾರಾದರೂ ಹಾಗೇ ಹೇಳುತ್ತಿದ್ದರು.

"ಅದೇ ಇರಲಿ ಸಾರ್," ಎಂದು ಅವಳು ಎದ್ದಳು.

ವರಾಂಡದ ಬೆಂಚಿನ ಮೇಲೆ ಇಬ್ಬರು ಕೂತಿದ್ದರು. ಒಬ್ಬಳು ಬುಧವಾರಗಳನ್ನು ಎಣಿಸಿಕೊಂಡು ಬಂದವಳು. ಈ ಸಲ ಕೈಯಲ್ಲಿ ಚಪ್ಪಲಿ ಇರಲಿಲ್ಲ. ಇನ್ನೊಬ್ಬಳು ಅತ್ತಿಗೆ. ಪಕ್ಕದಲ್ಲಿರುವವಳು ಯಾರೆಂದು ಇಬ್ಬರಿಗೂ ತಿಳಿದಿರಲಿಲ್ಲ. ಆದರೂ ಒಂದೇ ಬಾಟಲಿಯಿಂದ ನೀರು ಹಂಚಿಕೊಂಡು ಕುಡಿಯುತ್ತಿದ್ದರು.

ಅತ್ತಿಗೆ ಮೊದಲು ಕೇಳಿದಳು. "ಸರಿ ಮುಖ ಮೇಲಿತ್ತಂತಲ್ಲ. ಮತ್ತೆ ಹೇಗೆ ಒಡೀತು? ಯಾವತ್ತು ಗೊತ್ತಾಗುತ್ತೆ?"

ಬಿಸಿಲಕ್ಕ ನೆಲದ ಮೇಲೆ, ಇಬ್ಬರ ಎದುರಿಗೂ ಕೂತಳು. ಎರಡು ಛಾವಣಿಯ ಕಥೆಯನ್ನೂ ಹೇಳಿದಳು. ಅಡುಗೆಮನೆಯ ಮಾತಿನಿಂದ ಶುರುಮಾಡಿ ಏನನ್ನೂ ಬಿಡದೆ, ಯಾವುದು ಮೊದಲು, ಯಾವುದು ಆಮೇಲೆ ಎಂದು ಸಾಲಾಗಿ ಹೇಳಿದಳು. ಚಪ್ಪಲಿಯ ಹೆಂಗಸು ಬಾಯಿಗೆ ಸೆರಗು ಒತ್ತಿಕೊಂಡಳು. ಅತ್ತಿಗೆ ಮಾತ್ರ ಅಲುಗಾಡದೆ ಕೇಳಿದಳು.

"ಆರು ವಾರದ ಪರೀಕ್ಷೆ ಅಂದಿದ್ಯಂತೆ."

"ಹೂಂ."

"ನಿನಗೆ ಗೊತ್ತಾಗೋಕೆ ಎಷ್ಟು ಹೊತ್ತು ಬೇಕಾಯ್ತು?"

"ಐದು ನಿಮಿಷ ಅತ್ತಿಗೆ."

"ಆವತ್ತೇ ಹೇಳಿದ್ದಿದ್ರೆ ಅವರನ್ನ ಜೈಲಿಗೆ ಹಾಕ್ತಿದ್ದರು."

"ಹಾಕ್ತಿದ್ದರು."

"ಜೈಲಲ್ಲಿ ಇರ್ತಿದ್ದರು," ಎಂದಳು ಅತ್ತಿಗೆ. ಬಾಟಲಿಯ ಮುಚ್ಚಳ ತಿರುಗಿಸಿ ಹಾಕಿ, ಪಕ್ಕದವಳ ಕೈಗೆ ಕೊಟ್ಟು, ಗೋಡೆ ಹಿಡಿದು ಎದ್ದಳು. "ವಾರಕ್ಕೊಂದು ಸಲ ಹೋಗಿ ನೋಡ್ಕೊಂಡು ಬರ್ತಿದ್ದೆ."